ಬೆಳಗಿನ ಬ್ಲ್ಯಾಂಕ್, ಮಧ್ಯಾಹ್ನದ ಸ್ಯಾಂಪಲ್

ಹಾಲು ಕಾಯಿಸಿದೆ. ಅತ್ತೆಯವರಿಗೆ ಬಿಪಿ ಮಾತ್ರೆ ಕೊಟ್ಟೆ. ದೋಸೆಗೆ ಅಕ್ಕಿ ನೆನೆಹಾಕಿದೆ. ಬಸ್ಸಿಲ್ಲದ್ದರಿಂದ ಆಫೀಸಿನ ಜೀಪಿನಲ್ಲಿ ಜೆ.ಪಿ. ನಗರದಿಂದ ಲ್ಯಾಬಿಗೆ ಹೋದೆ. ಎಂಟು ಸ್ಯಾಂಪಲ್‌ಗಳ ಸೀಲು ನೋಡಿ ರಿಜಿಸ್ಟರಿಗೆ ಏರಿಸಿದೆ. ಒಂದು ಬ್ಲ್ಯಾಂಕ್ ಮಾಡಿದೆ. ನಾಲ್ಕು ಸ್ಯಾಂಪಲ್ ಮುಗಿಸಿದೆ. ಮೊಸರನ್ನ ತಿಂದೆ. ಇನ್ನೂ ನಾಲ್ಕು ಸ್ಯಾಂಪಲ್ ಮುಗಿಸಿದೆ. ರಿಪೋರ್ಟುಗಳಿಗೆ ಸಹಿ ಹಾಕಿದೆ. ಬರುತ್ತಾ ತಳ್ಳುಗಾಡಿಯಲ್ಲಿ ಕೊತ್ತಂಬರಿ ಸೊಪ್ಪು, ನಾಲ್ಕು ನಿಂಬೆಹಣ್ಣು ತಂದೆ. ಅಕ್ಕಿ ರುಬ್ಬಿದೆ.

ನನ್ನ ನೋಟುಬುಕ್ಕಿನಲ್ಲಿ ಆ ದಿನದ ಪುಟ ಇಷ್ಟೇ. ಲಾಕ್‌ಡೌನಿನ ನಾಲ್ಕನೆಯ ವಾರ. ಕೆಲಸದಲ್ಲಿದ್ದಷ್ಟು ಕಾಲವೂ ದಿನಕ್ಕೊಂದು ಪುಟ ಬರೆಯುವ ಅಭ್ಯಾಸ ನನಗಿತ್ತು. ಅದರಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇರುತ್ತಿರಲಿಲ್ಲ. ಈ ಪುಟದಲ್ಲಿ ಮಾತ್ರ ಒಂದು ತಪ್ಪಿದೆ. ಬರೆದ ದಿನ ಅದು ನನಗೆ ಕಾಣಿಸಲಿಲ್ಲ. ಆ ತಪ್ಪಿನಿಂದ ಒಬ್ಬ ಹೆಂಗಸು ಇಪ್ಪತ್ತಾರು ದಿನ ಜೈಲಿನಲ್ಲಿ ಕೂತಳು.

ಲ್ಯಾಬಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದು, 'ಮೇಡಂ, ಕೆಲಸ ನಿಜವಾಗ್ಲೂ ಹೆಂಗಿರತ್ತೆ ಅಂತ ಒಂದಷ್ಟು ಬರೆದುಕೊಡಿ' ಎಂದು ಕೇಳಿದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಸೇರಿದೆ, ಯಾವಾಗ ಬಡ್ತಿ ಸಿಕ್ಕಿತು ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ.

ಕೆಲಸ ಇಷ್ಟು. ಪೊಲೀಸರು, ಅಬಕಾರಿಯವರು ಹಿಡಿದು ತಂದ ಮದ್ಯದಲ್ಲಿ ಏನಿದೆ ಎಂದು ನೋಡಿ ಹೇಳುವುದು. ಮನೆಯಲ್ಲಿ ಕಾಯಿಸಿದ ಸಾರಾಯಿಯಾದರೆ ನಾವು ಮುಖ್ಯವಾಗಿ ಹುಡುಕುವುದು ಮೆಥನಾಲ್. ನೋಡಲು ನೀರು, ವಾಸನೆ ಹೆಚ್ಚುಕಡಿಮೆ ಸಾರಾಯಿಯದೇ. ಕುಡಿದವನ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಜೊತೆಗೆ ತಾಮ್ರದ ಅಂಶ, ಯೂರಿಯಾ, ಬ್ಯಾಟರಿಯೊಳಗಿನ ಉಪ್ಪು, ಇನ್ನೂ ಏನೇನೋ ಸಿಕ್ಕಿವೆ. ಒಮ್ಮೆ ಬನಶಂಕರಿ ಕಡೆಯಿಂದ ಬಂದ ಬಾಟಲಿಯೊಂದರಲ್ಲಿ ಬರೀ ಜೀರಿಗೆ ನೀರಿತ್ತು. ಹಿಡಿದ ಕಾನ್‌ಸ್ಟೇಬಲ್ಲಿಗೆ ಅದನ್ನು ಹೇಳಿದಾಗ ಆತ, 'ಅದಕ್ಕೇ ಮೇಡಂ ಅವ್ನು ಓಡ್ಲೇ ಇಲ್ಲ' ಎಂದ.

ನಾನು ಸೇರಿದಾಗ ಇದ್ದ ದೊಡ್ಡ ಸಾಹೇಬರು ಸ್ಯಾಂಪಲ್ಲನ್ನು ಸ್ಟೀಲ್ ಚಮಚದಲ್ಲಿ ಹಾಕಿ ಕಡ್ಡಿ ಗೀರುತ್ತಿದ್ದರು. ಉರಿಯ ಬಣ್ಣ ನೋಡಿಯೇ ಅರ್ಧ ರಿಪೋರ್ಟು ಹೇಳಿಬಿಡುವೆನೆಂಬ ಧೈರ್ಯ ಅವರದು. ನಾಲ್ಕಕ್ಕೆ ಮೂರು ಸಲ ಸರಿಯಾಗಿರುತ್ತಿತ್ತು. ನಾಲ್ಕನೆಯದರ ಬಗ್ಗೆ ಅವರು ಯಾವತ್ತೂ ಮಾತಾಡಲಿಲ್ಲ, ನಾವೂ ಕೇಳಲಿಲ್ಲ. ಕೈಯಲ್ಲಿ ಮಾಡುವ ಬಣ್ಣದ ಪರೀಕ್ಷೆಯನ್ನು ನನಗೆ ಕಲಿಸಿದವರೂ ಅವರೇ. ಸ್ಯಾಂಪಲ್ಲನ್ನು ಕಾಯಿಸಿ, ಆವಿಯನ್ನು ತಣ್ಣಗೆ ಮಾಡಿ ಫ್ಲಾಸ್ಕಿಗೆ ಇಳಿಸಬೇಕು. ಅದಕ್ಕೆ ಒಂದೊಂದಾಗಿ ರಾಸಾಯನಿಕ ಹಾಕುತ್ತಾ ಹೋಗಬೇಕು. ಕೊನೆಯಲ್ಲಿ ನೇರಳೆ ಬಣ್ಣ ಬಂದರೆ ಮೆಥನಾಲ್ ಇದೆ, ಬರದಿದ್ದರೆ ಇಲ್ಲ. ಇದರ ಜೊತೆಗೆ ಬ್ಲ್ಯಾಂಕ್ ಎಂದು ಒಂದು ಮಾಡಬೇಕು. ಸ್ಯಾಂಪಲ್ಲಿನ ಬದಲು ಶುದ್ಧ ಆಲ್ಕೊಹಾಲ್ ಇಟ್ಟು, ಅದೇ ಥರದ ಗಾಜಿನ ಸಾಮಾನಿನಲ್ಲಿ, ಅದೇ ರಾಸಾಯನಿಕ ಹಾಕಿ ಮೊದಲಿಂದ ಕೊನೆತನಕ ಅಷ್ಟನ್ನೂ ಮಾಡುವುದು. ಅದರಲ್ಲಿ ಬಣ್ಣ ಬರಬಾರದು. ಬಂದರೆ ದೋಷ ಸ್ಯಾಂಪಲ್ಲಿನದಲ್ಲ, ನಮ್ಮದು.

ಪ್ರತಿ ಸರದಿಗೂ ಒಂದು ಬ್ಲ್ಯಾಂಕ್ ಎಂದು ಪುಸ್ತಕ ಹೇಳುತ್ತದೆ. ನಾವು ಬೆಳಗ್ಗೆ ಒಂದು ಮಾಡಿ ಸಂಜೆತನಕ ಅದರಲ್ಲೇ ನಡೆಸುತ್ತಿದ್ದೆವು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಸ್ಯಾಂಪಲ್ ಹೆಚ್ಚು, ಜನ ಕಡಿಮೆ, ಒಂದು ಬ್ಲ್ಯಾಂಕ್ ಎಂದರೆ ಒಂದೂವರೆ ಗಂಟೆ. ವರ್ಷಗಟ್ಟಲೆ ಅದರಿಂದ ಏನೂ ಆಗಿರಲಿಲ್ಲ.

ಆಮೇಲೆ ಯಂತ್ರ ಬಂತು. ಒಂದು ಹನಿ ಚುಚ್ಚಿದರೆ ಪರದೆಯ ಮೇಲೆ ಗೆರೆ ಎದ್ದು, ಯಾವುದು ಎಷ್ಟಿದೆ ಎಂದು ಲೆಕ್ಕ ಸಮೇತ ಹೇಳುತ್ತಿತ್ತು. ಬಣ್ಣದ ಪರೀಕ್ಷೆಯ ಸಾಮಾನುಗಳನ್ನು ಬೀರುವಿಗೆ ಸೇರಿಸಿದೆವು. ಯಂತ್ರಕ್ಕೆ ಗ್ಯಾಸ್ ಸಿಲಿಂಡರು ಬೇಕು. ಲಾಕ್‌ಡೌನಿನಲ್ಲಿ ಸಿಲಿಂಡರಿನ ಗಾಡಿ ಬರಲಿಲ್ಲ. ಬೀರು ತೆಗೆದು ಹಳೆಯ ಸಾಮಾನುಗಳ ಧೂಳು ಒರೆಸಿದೆವು.

ಆಗ ಬಂದಂಥ ಸ್ಯಾಂಪಲ್‌ಗಳನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಮದ್ಯದಂಗಡಿ ಮುಚ್ಚಿದ ಮೇಲೆ ಊರಿಗೆ ಊರೇ ಅಡುಗೆಮನೆಯಲ್ಲಿ ಕಾಯಿಸಲು ಕೂತಂತಿತ್ತು. ಪ್ರೆಶರ್ ಕುಕ್ಕರಿನ ವಿಷಲ್ ಕಿತ್ತು ಅಲ್ಲಿಗೆ ಗ್ಯಾಸಿನ ಪೈಪು ಸಿಕ್ಕಿಸಿ, ಪೈಪನ್ನು ಬಕೆಟ್ಟಿನ ತಣ್ಣೀರಿನಲ್ಲಿ ಹಾಯಿಸಿದರೆ ಭಟ್ಟಿ ತಯಾರು. ಜಯನಗರದ ಒಬ್ಬರು ದೊಡ್ಡ ಮನುಷ್ಯರು ದ್ರಾಕ್ಷಿಯದು ಮಾಡಿದ್ದರು. ಬಿಟಿಎಂನ ಅಪಾರ್ಟ್‌ಮೆಂಟೊಂದರಿಂದ ಪೈನಾಪಲ್ಲಿನದು ಬಂತು, ಬಾಟಲಿಗೆ ಅಂದವಾಗಿ ಚೀಟಿ ಬೇರೆ ಅಂಟಿಸಿದ್ದರು. ಜೊತೆಗೆ ಕಲಬೆರಕೆ ಸ್ಯಾನಿಟೈಸರುಗಳ ರಾಶಿ. ಅವುಗಳಲ್ಲಿ ಬಹಳಷ್ಟರಲ್ಲಿ ಮೆಥನಾಲ್ ಇರುತ್ತಿತ್ತು. ನೇರಳೆ ಬಣ್ಣ ನೋಡಿ ನೋಡಿ ನನಗೆ ಬದನೆಕಾಯಿ ಕೂಡ ಬೇಡವೆನಿಸಿತ್ತು.

ಲ್ಯಾಬಿನಲ್ಲಿ ಆಗ ನಾವಿದ್ದದ್ದು ಮೂರು ಜನ. ನಾನು, ಮೇಲಿನ ಸಾಹೇಬರು, ಮತ್ತು ಗಾಜಿನ ಸಾಮಾನು ತೊಳೆದು ಓವನ್ನಿನಲ್ಲಿ ಒಣಗಿಸಿಕೊಡುವ ಅಟೆಂಡರ್ ಮುನಿಯಪ್ಪ. ಮುನಿಯಪ್ಪ ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಆ ಆಗಸ್ಟಿಗೆ ನಿವೃತ್ತರಾಗುವವರು. ವಿಲ್ಸನ್ ಗಾರ್ಡನ್ನಿನ ಮನೆಯಿಂದ ನಡೆದೇ ಬರುತ್ತಿದ್ದರು. ಅವರು ತೊಳೆದ ಫ್ಲಾಸ್ಕನ್ನು ಬೆಳಕಿಗೆ ಹಿಡಿದರೆ ಒಂದು ಕಲೆ ಕಾಣಿಸುತ್ತಿರಲಿಲ್ಲ.

ನೋಟುಬುಕ್ಕಿನ ಆ ದಿನ ಮಧ್ಯಾಹ್ನ ನೋಡಿದ ನಾಲ್ಕರಲ್ಲಿ ಮೂರು ಸ್ಯಾನಿಟೈಸರ್, ಒಂದು ಮನೆಯ ಸಾರಾಯಿ. ಬಿಟಿಎಂನ ಒಂದು ವಠಾರದ್ದು. ಮಾಡಿದವಳು ನೀಲವ್ವ, ಉತ್ತರ ಕರ್ನಾಟಕದ ಕಡೆಯವಳು, ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಅವಳು ಕೊಟ್ಟದ್ದನ್ನು ಕುಡಿದ ಪಕ್ಕದ ಮನೆಯ ಗಂಡಸು ವಾಂತಿಯಾಗಿ ಆಸ್ಪತ್ರೆ ಸೇರಿದ್ದ. ಅದಕ್ಕೇ ಪೊಲೀಸರಿಗೆ ಅವಸರ. ಸೀಲು ಒಡೆದಾಗ ಬೆಲ್ಲದ ವಾಸನೆ ಚೆನ್ನಾಗಿಯೇ ಬಂತು. ಪರೀಕ್ಷೆ ಮುಗಿದಾಗ ನಾಲ್ಕು ಟ್ಯೂಬುಗಳಲ್ಲೂ ನೇರಳೆ. ಸ್ಯಾನಿಟೈಸರಿನವು ಗಾಢ, ಇದು ತಿಳಿ. ಯಂತ್ರವಿಲ್ಲದ್ದರಿಂದ ಎಷ್ಟು ಎಂದು ಹೇಳುವಂತಿರಲಿಲ್ಲ. 'ಮೆಥನಾಲ್ ಇದೆ' ಎಂದು ಬರೆದು ಸಹಿ ಹಾಕಿದೆ.

ನಾನು ಅಲ್ಲಿ ನಿಲ್ಲಬೇಕಿತ್ತು. ಹಣ್ಣಿನ ಸಿಪ್ಪೆ, ತಿರುಳು ಕೊಳೆತರೆ ಸ್ವಲ್ಪ ಮೆಥನಾಲ್ ತಾನಾಗಿ ಹುಟ್ಟುತ್ತದೆ. ಬೆಲ್ಲದಲ್ಲಿ ಹಾಗೆ ಹುಟ್ಟುವುದಿಲ್ಲ. ಬೆಲ್ಲದ ಸಾರಾಯಿಯಲ್ಲಿ ಇದೆಯೆಂದರೆ ಯಾರೋ ತಂದು ಸುರಿದಿರಬೇಕು. ಪೊಲೀಸರೂ ಹಾಗೆಯೇ ತಿಳಿದರು. ಬರೀ ಕಾಯಿಸಿದ ಕೇಸು ವಿಷ ಬೆರೆಸಿದ ಕೇಸಾಯಿತು. ಜಾಮೀನು ಸಿಗಲಿಲ್ಲ.

ಒಂಬತ್ತು ದಿನದ ಮೇಲೆ ಗೇಟಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ಬಿಟಿಎಂನಿಂದ ನಡೆದು ಬಂದಿದ್ದಳು. ಸೆರಗನ್ನೇ ಮುಖಕ್ಕೆ ಸುತ್ತಿಕೊಂಡಿದ್ದಳು.

'ಮೇಡಂರೀ, ನಾ ನೀಲವ್ವನ ಅಕ್ಕ, ಗಂಗವ್ವ ಅಂತ. ಅಕಿ ಬೆಲ್ಲಾ ಬಿಟ್ರ ಏನೂ ಹಾಕಿಲ್ರೀ.'

'ಇಲ್ಲಿಗೆ ಬರಬಾರದಮ್ಮ ನೀವು. ವಕೀಲರ ಹತ್ರ ಹೇಳಿ.'

'ವಕೀಲ್ರು ರಿಪೋರ್ಟ್ ಬಂದೈತಿ, ಏನೂ ಮಾಡಾಕ ಬರೂದಿಲ್ಲ ಅಂತಾರ್ರೀ. ಅಂಗಡಿ ಮುಚ್ಚಿದ್ವಲ್ರೀ, ಅಕಿ ಗಂಡಗ ಕೈಕಾಲು ನಡುಗಾಕ ಹತ್ತಿದ್ವು. ರಾತ್ರಿ ಎಲ್ಲಾ ಗ್ವಾಡಿ ಕೂಡ ಮಾತಾಡ್ತಿದ್ದ. ನೋಡಾಕಾಗಲಾರ್ದ ಕುಕ್ಕರ್‌ನಾಗ ಕಾಸಿ ಕೊಟ್ಟಾಳ. ಆಜೂಬಾಜೂ ಮಂದಿನೂ ಕೇಳಿದ್ರು, ಕೊಟ್ಟಾಳ. ಹೌದು, ರೊಕ್ಕಾ ಇಸ್ಕೊಂಡಾಳ. ಸುಳ್ಳ ಯಾಕ ಹೇಳ್ಲಿ. ಆದ್ರ ವಿಷಾ ಹಾಕೂವಾಕಿ ಅಲ್ರೀ ಅಕಿ. ತನ್ನ ಗಂಡಗ ಹಾಕ್ತಾಳೇನ್ರೀ?'

ಆರೋಪಿಯ ಕಡೆಯವರ ಜೊತೆ ಮಾತಾಡಬಾರದು, ಅದು ನಿಯಮ. ನಾನು ಒಳಗೆ ಬಂದೆ. ಅಂಥವರು ಬಹಳ ಜನ ಬರುತ್ತಾರೆ, ಎಲ್ಲರೂ ಹೀಗೆಯೇ ಹೇಳುತ್ತಾರೆ. ಆದರೂ 'ತನ್ನ ಗಂಡಗ ಹಾಕ್ತಾಳೇನ್ರೀ' ಎಂದದ್ದು ತಲೆಯಲ್ಲಿ ಕೂತಿತು.

ಮೂರು ದಿನ ಕಳೆದಿರಬೇಕು. ಕೈ ತೊಳೆಯಲು ಸಿಂಕಿಗೆ ಹೋದಾಗ ಮುನಿಯಪ್ಪ ತೊಳೆದ ಫ್ಲಾಸ್ಕಿಗೆ ಒಂದು ಪ್ಲಾಸ್ಟಿಕ್ ಬಾಟಲಿಯಿಂದ ಏನೋ ಪಿಚಕ್ಕೆಂದು ಹೊಡೆದು, ಕುಲುಕಿ ಚೆಲ್ಲಿ, ಸ್ಟ್ಯಾಂಡಿಗೆ ಬೋರಲು ಹಾಕುತ್ತಿದ್ದರು. ವಾಸನೆ ಮೂಗಿಗೆ ಬಂತು.

'ಮುನಿಯಪ್ಪ, ಏನದು?'

'ಮೆಥನಾಲ್ ಮೇಡಂ. ಓವನ್ ಕೆಟ್ಟೋಗಿದ್ಯಲ್ಲ. ನೀರು ಆರ್ಬೇಕು ಅಂದ್ರೆ ಸಾಯಂಕಾಲ ಆಗತ್ತೆ. ಇದು ಹೊಡೆದ್ರೆ ಐದು ನಿಮಿಷಕ್ಕೆ ಒಣಗತ್ತೆ.'

'ಯಾವತ್ತಿಂದ ಮಾಡ್ತಿದೀರ ಹೀಗೆ?'

'ಯಂತ್ರ ಬಂದಾಗಿಂದ, ಓವನ್ ಕೈಕೊಟ್ಟಾಗೆಲ್ಲ. ಯಂತ್ರದ ಪೈಪು ತೊಳೆಯೋಕೆ ಅಂತ ದೊಡ್ಡ ಕ್ಯಾನ್ ತರಿಸ್ತೀರಲ್ಲ, ಅದ್ರಲ್ಲೇ. ಗಾಜಿನ ಸಾಮಾನು ಎಲ್ಲ ಲ್ಯಾಬಲ್ಲೂ ಹಿಂಗೇ ಒಣಗ್ಸೋದು ಅಲ್ವಾ ಮೇಡಂ?'

ಅವರು ಹೇಳಿದ್ದು ಸುಳ್ಳಲ್ಲ. ಬೇರೆ ಪರೀಕ್ಷೆಗಳಿಗೆ ಹಾಗೆ ಒಣಗಿಸುವುದು ಎಲ್ಲ ಲ್ಯಾಬುಗಳಲ್ಲೂ ಇದೆ. ಮೆಥನಾಲನ್ನೇ ಹುಡುಕುವ ಪರೀಕ್ಷೆಗೆ ಮೆಥನಾಲಿನಲ್ಲಿ ತೊಳೆದ ಫ್ಲಾಸ್ಕು ಕೊಡಬಾರದು ಎಂದು ಅವರಿಗೆ ಹೇಳಬೇಕಾದವಳು ನಾನು. ಬೀರುವಿನಿಂದ ಹಳೆಯ ಸಾಮಾನು ಇಳಿಸಿದ ದಿನ ಧೂಳು ಒರೆಸಲು ಹೇಳಿದ್ದೆ, ಇದನ್ನು ಹೇಳಿರಲಿಲ್ಲ.

'ಓವನ್ ಯಾವತ್ತು ಕೆಟ್ಟಿದ್ದು?'

'ಎಂಟು ಸ್ಯಾಂಪಲ್ ಬಂದಿತ್ತಲ್ಲ, ಅವತ್ತು ಮಧ್ಯಾಹ್ನ. ಕರೆಂಟು ಹೋಗಿ ಬಂತು, ಆಮೇಲೆ ಬಿಸೀನೇ ಆಗ್ಲಿಲ್ಲ.'

ಸ್ಟೂಲಿನ ಮೇಲೆ ಕೂತೆ. ಬೆಳಗಿನ ಬ್ಲ್ಯಾಂಕ್ ಮಾಡಿದ್ದು ಓವನ್ನಿನಲ್ಲಿ ಒಣಗಿದ ಫ್ಲಾಸ್ಕಿನಲ್ಲಿ. ಅದು ನಿರ್ಮಲವಾಗಿತ್ತು. ಮಧ್ಯಾಹ್ನ ಇನ್ನೊಂದು ಬ್ಲ್ಯಾಂಕ್ ಮಾಡಿದ್ದರೆ ಅದೂ ನೇರಳೆಗೆ ತಿರುಗಿ ನನ್ನನ್ನು ಅಲ್ಲೇ ನಿಲ್ಲಿಸುತ್ತಿತ್ತು. ಮುಂದಿನ ದಿನಗಳ ಬೆಳಗಿನ ಬ್ಲ್ಯಾಂಕಿಗೆ ಸಿಕ್ಕಿದ್ದು ರಾತ್ರಿಯಿಡೀ ತಾನಾಗಿ ಆರಿದ ಫ್ಲಾಸ್ಕು, ಅದರಲ್ಲೂ ಬಣ್ಣ ಬರಲಿಲ್ಲ. ಓವನ್ ಕೆಟ್ಟ ಮೇಲೆ ಆ ಹನ್ನೆರಡು ದಿನದಲ್ಲಿ, ನೀಲವ್ವನದೊಂದು ಬಿಟ್ಟರೆ, ಬಂದದ್ದೆಲ್ಲ ಸ್ಯಾನಿಟೈಸರೇ. ಅವುಗಳಲ್ಲಿ ಬಣ್ಣ ಬಂದರೆ ಯಾರಿಗೂ ಆಶ್ಚರ್ಯವಿರಲಿಲ್ಲ. ಆಶ್ಚರ್ಯಪಡಬೇಕಾಗಿದ್ದ ಒಂದೇ ಒಂದು ಬಾಟಲಿಗೂ ನಾನು ಆಶ್ಚರ್ಯಪಡಲಿಲ್ಲ.

ಮುನಿಯಪ್ಪನಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. 'ಮೇಡಂ, ಇನ್ನು ನಾಲ್ಕು ತಿಂಗ್ಳಿದೆ ನಂಗೆ' ಎಂದರು.

ಪರೀಕ್ಷೆ ಮಾಡಿ ಉಳಿದದ್ದನ್ನು ನಾವು ಮತ್ತೆ ಸೀಲು ಮಾಡಿ ಇಡುತ್ತೇವೆ. ನೀಲವ್ವನ ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಆದರೆ ಸೀಲು ಒಡೆಯಲು ಸಾಹೇಬರ ಅಪ್ಪಣೆ ಬೇಕು. ಸಾಹೇಬರು ಕೆಟ್ಟವರಲ್ಲ. ದಣಿದಿದ್ದರು, ಎಲ್ಲರೂ ದಣಿದಿದ್ದೆವು. ನಾನು ಹೇಳಿದ್ದನ್ನೆಲ್ಲ ಕನ್ನಡಕ ತೆಗೆದಿಟ್ಟು ಕೇಳಿದರು.

'ಒಂದ್ಸಲ ರಿಪೋರ್ಟ್ ಹೋಯ್ತು ಅಂದ್ರೆ ಅದು ಕೋರ್ಟಿಂದು ಕಣ್ರೀ. ನಮ್ದಲ್ಲ.'

'ಸಹಿ ನಂದಿದೆಯಲ್ಲ ಸಾರ್.'

'ಇದೊಂದು ತಪ್ಪು ಅಂತ ನಾವೇ ಬರೆದು ಕೊಟ್ರೆ ನಾಳೆ ಊರಲ್ಲಿರೋ ಲಾಯರ್‌ಗಳೆಲ್ಲ ಹಳೇ ರಿಪೋರ್ಟ್ ಹಿಡ್ಕೊಂಡು ಬರ್ತಾರೆ. ಇದರಲ್ಲಿ ಫ್ಲಾಸ್ಕ್ ಯಾವುದ್ರಲ್ಲಿ ತೊಳೆದ್ರಿ ಅಂತ ಕೇಳ್ತಾರೆ. ನಿಜವಾಗ್ಲೂ ವಿಷ ಹಾಕಿದೋನೂ ಹೊರಗೆ ಬರ್ತಾನೆ. ಯೋಚ್ನೆ ಮಾಡಿದೀರಾ?'

ಯೋಚನೆ ಮಾಡಿದ್ದೆ. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು.

'ಆಯಮ್ಮ ಜೈಲಲ್ಲಿದಾಳೆ ಸಾರ್' ಎಂದೆ.

'ಕೇಸು ನಡೆಯುವಾಗ ಸಾಕ್ಷಿಗೆ ಕರೀತಾರಲ್ಲ, ಆಗ ಹೇಳಿ.'

'ಜಾಮೀನು ಬಿಟ್ರೆ ಬೇರೆ ಎಲ್ಲದಕ್ಕೂ ಕೋರ್ಟೇ ಮುಚ್ಚಿದೆ. ಅದು ಯಾವ ಕಾಲಕ್ಕೋ.'

ನೋಡೋಣ ಎಂದರು. ಸರ್ಕಾರಿ ಕಚೇರಿಯಲ್ಲಿ ನೋಡೋಣ ಎಂದರೆ ಏನೆಂದು ನನಗೆ ಗೊತ್ತು, ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಲಿಖಿತವಾಗಿ ಕೇಳಿದೆ. ನಾಲ್ಕು ದಿನ ಕಾಗದ ಅವರ ಮೇಜಿನ ಮೇಲೆಯೇ ಇತ್ತು. ಟೀ ಲೋಟದ ಗುರುತು ಅದರ ಮೂಲೆಗೆ ಬಿದ್ದಿತ್ತು. ಐದನೆಯ ದಿನ ಹೋಗಿ, 'ಸಾರ್, ನೀವು ಕಳಿಸದಿದ್ದರೆ ನಾನೇ ಮ್ಯಾಜಿಸ್ಟ್ರೇಟರಿಗೆ ಪತ್ರ ಬರೀತೀನಿ. ಆಮೇಲೆ ನನ್ನ ಮೇಲೆ ಏನು ಕ್ರಮ ತಗೋತೀರೋ ತಗೊಳ್ಳಿ' ಎಂದೆ. ಇದನ್ನು ಧೈರ್ಯದಿಂದ ಹೇಳಿದೆ ಎಂದು ತಿಳಿಯಬೇಡಿ. ಮೂರು ಸಲ ಅವರ ಬಾಗಿಲತನಕ ಹೋಗಿ ವಾಪಸು ಬಂದಿದ್ದೆ.

ಅವರು ಕಾಗದ ಎಳೆದುಕೊಂಡು ಸಹಿ ಹಾಕಿದರು. 'ಸ್ಯಾಂಪಲ್ ಒಡೀರಿ. ನನ್ನೆದುರಿಗೇ ಮಾಡಿ' ಎಂದರು.

ಆ ದಿನ ನಾನೇ ಫ್ಲಾಸ್ಕುಗಳನ್ನು ತೊಳೆದು ಮನೆಯಿಂದ ತಂದಿದ್ದ ಹೇರ್ ಡ್ರೈಯರಿನಲ್ಲಿ ಒಣಗಿಸಿದೆ. ಎರಡು ಬ್ಲ್ಯಾಂಕ್ ಮಾಡಿದೆ. ಒಂದು ಈ ಫ್ಲಾಸ್ಕಿನಲ್ಲಿ, ಒಂದು ಮುನಿಯಪ್ಪ ಮೆಥನಾಲ್ ಹೊಡೆದ ಫ್ಲಾಸ್ಕಿನಲ್ಲಿ. ಸಾಹೇಬರು ಪಕ್ಕದ ಸ್ಟೂಲಿನ ಮೇಲೆ ಕೂತು ನೋಡಿದರು. ಕೊನೆಯ ರಾಸಾಯನಿಕ ಹಾಕಿ ಕಾಯುವ ಹೊತ್ತು ಬಹಳ ಉದ್ದ ಎನಿಸಿತು. ಮುನಿಯಪ್ಪನ ಫ್ಲಾಸ್ಕಿನ ಬ್ಲ್ಯಾಂಕು ತಿಳಿ ನೇರಳೆಯಾಯಿತು. ನನ್ನದು ಹಾಗೆಯೇ ಉಳಿಯಿತು. ನೀಲವ್ವನ ಸಾರಾಯಿಯೂ ಬಣ್ಣವಿಲ್ಲದೆ ಉಳಿಯಿತು. ಗಂಗವ್ವ ಹೇಳಿದಂತೆ ಅದರಲ್ಲಿ ಬೆಲ್ಲ ಬಿಟ್ಟರೆ ಏನೂ ಇರಲಿಲ್ಲ. ಮಧ್ಯಾಹ್ನದ ಮೂರು ಸ್ಯಾನಿಟೈಸರುಗಳನ್ನೂ ಮತ್ತೆ ನೋಡಿದೆ, ಆ ಹನ್ನೆರಡು ದಿನದ ಮಿಕ್ಕವನ್ನೂ ಒಂದೊಂದಾಗಿ ನೋಡಿದೆ. ಅವು ನಿಜವಾಗಿಯೂ ಕೆಟ್ಟವೇ ಆಗಿದ್ದವು.

'ಹೂಂ' ಎಂದರು ಸಾಹೇಬರು. 'ಬರೀರಿ.'

'ಗಾಜಿನ ಸಾಮಾನುಗಳನ್ನು ಮೆಥನಾಲಿನಿಂದ ಒಣಗಿಸಲಾಗಿತ್ತು' ಎಂದು ಬರೆದೆ. ಯಾರು ಒಣಗಿಸಿದರೆಂದು ಬರೆಯಲಿಲ್ಲ. ಮುಂದಿನ ಸಾಲಿನಲ್ಲಿ, 'ಮಧ್ಯಾಹ್ನದ ಸರದಿಗೆ ಪ್ರತ್ಯೇಕ ಬ್ಲ್ಯಾಂಕ್ ಮಾಡದಿದ್ದುದು ನನ್ನ ಲೋಪ' ಎಂದು ಬರೆದು ಹೆಸರು ಹಾಕಿದೆ. ನನಗೆ ವಿವರಣೆ ಕೇಳಿ ಒಂದು ಮೆಮೊ ಬಂತು, ಉತ್ತರ ಕೊಟ್ಟೆ, ಆ ಫೈಲು ಎಲ್ಲೋ ನಿಂತಿತು. ಮುನಿಯಪ್ಪ ಆಗಸ್ಟಿನಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಎಲ್ಲರಿಗೂ ಖಾರಾಬಾತ್, ಕೇಸರಿಬಾತ್ ಹಂಚಿ ನನ್ನ ತಟ್ಟೆಗೆ ಮಾತ್ರ ಕೇಸರಿಬಾತ್ ಎರಡು ಸಲ ಹಾಕಿದರು. ಸಾಹೇಬರು ಹೆದರಿದಂತೆ ನಾಲ್ಕೈದು ವಕೀಲರು ಹಳೆಯ ರಿಪೋರ್ಟುಗಳನ್ನು ಹಿಡಿದು ಬಂದದ್ದೂ ನಿಜ. ಅವುಗಳಿಗೆಲ್ಲ ಉತ್ತರ ಬರೆಯುವುದರಲ್ಲಿ ಒಂದು ವರ್ಷ ಹೋಯಿತು. ಆಮೇಲೆ ನಾನು ಸ್ವಯಂ ನಿವೃತ್ತಿ ತೆಗೆದುಕೊಂಡೆ. ಜನ ಇದಕ್ಕೂ ಅದಕ್ಕೂ ಗಂಟು ಹಾಕುತ್ತಾರೆ. ಸೊಂಟ ನೋವು, ನಿಲ್ಲಲು ಆಗುತ್ತಿರಲಿಲ್ಲ, ಅಷ್ಟೇ.

ಎರಡನೆಯ ರಿಪೋರ್ಟು ಹೋದ ಮೇಲೆ ನೀಲವ್ವನಿಗೆ ಜಾಮೀನು ಸಿಕ್ಕಿತು. ಪಕ್ಕದ ಮನೆಯವನು ಮೂರೇ ದಿನಕ್ಕೆ ಗುಣವಾಗಿ ಮನೆಗೆ ಬಂದಿದ್ದನಂತೆ, ಹಸಿದ ಹೊಟ್ಟೆಯಲ್ಲಿ ಕುಡಿದಿದ್ದನಂತೆ. ವಿಷದ ಕಲಮು ಬಿಟ್ಟುಹೋಗಿ ಬರೀ ಕಾಯಿಸಿ ಮಾರಿದ ಕೇಸು ಉಳಿಯಿತು. ಕೋರ್ಟುಗಳು ತೆರೆದ ಮೇಲೆ ಅದಕ್ಕೆ ಸಾಕ್ಷಿ ಹೇಳಲು ನನ್ನನ್ನು ಕರೆದರು.

ಸಾಕ್ಷಿ ಹೇಳುವುದು ಹತ್ತು ನಿಮಿಷದ ಕೆಲಸ, ಕಾಯುವುದು ಇಡೀ ದಿನದ್ದು. ವರಾಂಡದ ಬೆಂಚಿನಲ್ಲಿ ಕೂತಿದ್ದೆ. ಗಂಗವ್ವ ನನ್ನನ್ನು ಗುರುತು ಹಿಡಿದು, ಜೊತೆಗಿದ್ದವಳ ಕೈ ಎಳೆದುಕೊಂಡು ಬಂದಳು. ನೀಲವ್ವನನ್ನು ನಾನು ನೋಡಿದ್ದು ಆಗಲೇ. ಸಣ್ಣ ಆಳು. ಮಾಸ್ಕು ಗದ್ದಕ್ಕೆ ಇಳಿದಿತ್ತು.

'ಇವ್ರ ನೋಡವಾ, ಖರೇ ಬರದ್ ಕೊಟ್ಟ ಮೇಡಮ್ಮಾರು' ಎಂದಳು ಗಂಗವ್ವ. ನನ್ನ ಕಡೆ ತಿರುಗಿ, 'ಮೊದಲಿನ ರಿಪೋರ್ಟ್ ಬರದಾವ್ರ ಕೈ ಸೇದ್ಹೋಗ್ಲಿ ಅಂತ ದಿನಾ ಬೈತಿದ್ನಿರೀ ನಾ. ನೀವು ಸಿಕ್ರಿ, ಚಲೋ ಆತು' ಎಂದಳು.

ಸುಮ್ಮನಿದ್ದರೆ ನಡೆಯುತ್ತಿತ್ತು. ಅವರಿಗೆ ಇಂಗ್ಲಿಷಿನ ಕಾಗದ ಓದಲು ಬರುತ್ತಿರಲಿಲ್ಲ.

'ಮೊದಲನೇದೂ ನಾನೇ ಬರೆದಿದ್ದು ಗಂಗವ್ವ' ಎಂದೆ. 'ನನ್ನದೇ ತಪ್ಪು. ಪಾತ್ರೆ ಸರಿಯಾಗಿರಲಿಲ್ಲ, ನಾನು ನೋಡಲಿಲ್ಲ.'

ಗಂಗವ್ವ ಹಿಡಿದಿದ್ದ ತಂಗಿಯ ಕೈ ಬಿಟ್ಟಳು. ನೀಲವ್ವ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

'ಪಾತ್ರೆ ಅಂದ್ರ?' ಎಂದು ಕೇಳಿದಳು.

ಹೇಳಿದೆ. ಫ್ಲಾಸ್ಕು, ಓವನ್ನು, ಒಣಗಿಸಿದ್ದು, ಮಧ್ಯಾಹ್ನ ಮಾಡಬೇಕಿದ್ದ ಬ್ಲ್ಯಾಂಕು, ಎಲ್ಲವನ್ನೂ ಅಡುಗೆಯವರಿಗೆ ಹೇಳುವಂತೆ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು.

'ಅಂದ್ರ ಮುಂಜಾನೆ ರುಚಿ ನೋಡಿ ಸಂಜೀ ಅಡಗೀ ಬಡಿಸಿದಂಗಾತು' ಎಂದಳು.

'ಹೌದು.'

'ಇಪ್ಪತ್ತಾರು ದಿನಾ ಒಳಗಿದ್ನಿರೀ. ಅಡಗೀ ಮಾಡೋ ಎರಡೂ ಮನಿ ಹೋದ್ವು. ವಿಷಾ ಹಾಕಿದಾಕಿ ಅಂತ ಹೆಸರಾದ ಮ್ಯಾಲ ಯಾರ್ ಅಡಗೀಗೆ ಕರೀತಾರ್ರೀ? ಈಗ ಆಫೀಸ್ ಕಸಾ ಹೊಡೀತೀನಿ.' ಇದನ್ನು ದೂರಿನಂತೆ ಹೇಳಲಿಲ್ಲ. ಕೇಳಿದವರಿಗೆ ವಿಳಾಸ ಹೇಳುವಂತೆ ಹೇಳಿದಳು.

ಗುರುತಿನವರ ಮನೆಯಲ್ಲಿ ಕೆಲಸ ಕೇಳಿ ನೋಡಲೇ ಎಂದೆ. ಅವಳು ತಲೆ ಅಲ್ಲಾಡಿಸಿದಳು.

'ಬ್ಯಾಡ್ರೀ. ಇನ್ನ ಮ್ಯಾಲ ಎರಡ್ ಸಲ ನೋಡಿ ಬರೀರಿ, ಅಷ್ಟ ಸಾಕು.'

ಅಷ್ಟರಲ್ಲಿ ಕೂಗಿದರು. ನಾನು ಒಳಗೆ ಹೋಗಿ ಮೆಥನಾಲ್ ಇರಲಿಲ್ಲವೆಂದು ಹೇಳಿದೆ. ಸರ್ಕಾರಿ ವಕೀಲರು ಎರಡು ಪ್ರಶ್ನೆ ಕೇಳಿದರು. ಅವಳಿಗೆ ದಂಡ ಹಾಕಿ ಬಿಟ್ಟರು. ನಾನು ಹೊರಗೆ ಬರುವಾಗ ಬೆಂಚು ಖಾಲಿಯಿತ್ತು.

ಮನೆಗೆ ಬಂದಾಗ ಇವರು ಅನ್ನ, ತಿಳಿಸಾರು ಮಾಡಿ ನಾಲ್ಕು ಹಪ್ಪಳ ಸುಟ್ಟಿಟ್ಟಿದ್ದರು. ಸಾರಿಗೆ ಉಪ್ಪು ಸಾಲದು ಎಂದು ಅತ್ತೆಯವರು ಎರಡು ಸಲ ಹೇಳಿದರು, ಎರಡನೆಯ ಸಲ ನಾನೂ ರುಚಿ ನೋಡಿದೆ, ಸಾಲದಿತ್ತು. ನಡೆದದ್ದನ್ನು ಊಟದ ನಡುವೆ ಹೇಳಿದೆ. ಇವರು, 'ಹೇಳಲೇಬೇಕಿತ್ತಾ ಅವಳಿಗೆ?' ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಕೊನೆಗೆ ಮಜ್ಜಿಗೆ ಕುಡಿದೆ. ಎಷ್ಟೋ ವಾರಗಳಿಂದ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ, ಆ ದಿನವಂತೂ ಮುಚ್ಚುವುದೇ ಇಲ್ಲ ಎಂದುಕೊಂಡಿದ್ದೆ. ಅತ್ತೆಯವರು ಟಿವಿ ನೋಡುತ್ತಿದ್ದರು, ಇವರು ಪಾತ್ರೆ ತೊಳೆಯುತ್ತಿದ್ದರು. ಮನೆಯಲ್ಲಿ ಮೊದಲು ನಿದ್ದೆ ಹೋದವಳು ನಾನೇ.